ಇನ್ಸುಲಿನ್ನಿನ ಬ್ಯಾಂಟಿಂಗ್: ಹಾರ್ಮೋನು ಪಾಠದ ಜೊತೆಗೆ ಹೇಳಬಹುದಾದ ಒಂದು ಜೀವನಕಥೆ

ನವೆಂಬರ್ 14 ಹತ್ತಿರ ಬಂದಂತೆ ನಾವು ಅಭ್ಯಾಸ ಬೋಧನೆಗೆ ಹೋಗುವ ಶಾಲೆಗಳಲ್ಲೆಲ್ಲ ಮಕ್ಕಳ ದಿನಾಚರಣೆಯ ಸಡಗರ. ಬೀದರ್ ನಗರದ ಶಾಲೆಯಾಗಲಿ, ಭಾಲ್ಕಿಯದಾಗಲಿ, ಔರಾದ್ ಕಡೆಯ ಹಳ್ಳಿಯದಾಗಲಿ, ನೆಹರೂ ಅವರ ಭಾವಚಿತ್ರ, ಭಾಷಣ ಸ್ಪರ್ಧೆ, ಚಾಕಲೇಟು ಇದ್ದದ್ದೇ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದೆಂಬುದು ಮಾತ್ರ ಗೋಡೆಪತ್ರಿಕೆಯ ಮೂಲೆಯಲ್ಲೂ ಕಾಣುವುದಿಲ್ಲ. ಆ ದಿನವನ್ನು ಆರಿಸಿದ್ದು ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗ್ ಎಂಬ ಕೆನಡಾದ ವೈದ್ಯರ ಹುಟ್ಟುಹಬ್ಬವೆಂಬ ಕಾರಣಕ್ಕೆ. ಹತ್ತನೇ ತರಗತಿಯಲ್ಲಿ ಹಾರ್ಮೋನುಗಳನ್ನು ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಮೇದೋಜೀರಕ, ಇನ್ಸುಲಿನ್, ಸಕ್ಕರೆ ಎಂದು ಪಟ್ಟಿ ಬರೆಸಿ ಮುಂದಕ್ಕೆ ಹೋಗಿಬಿಡುತ್ತೇವೆ. ಆ ಪಟ್ಟಿಯ ಒಂದು ಪದದ ಹಿಂದೆ ಎಷ್ಟು ಬೆವರು, ಎಷ್ಟು ಐಸು, ಎಷ್ಟು ಜಗಳ ಇದೆಯೆಂದು ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಒಂದು ಅವಧಿಯಲ್ಲಿ ಹೇಳಿ ಮುಗಿಸುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಬ್ಯಾಂಟಿಂಗ್ ಹುಟ್ಟಿದ್ದು 1891ರಲ್ಲಿ, ಕೆನಡಾದ ಆಂಟಾರಿಯೊ ಪ್ರಾಂತದ ಆಲಿಸ್ಟನ್ ಎಂಬ ಊರಿನ ಬಳಿಯ ಹೊಲಮನೆಯಲ್ಲಿ. ಐವರು ಮಕ್ಕಳಲ್ಲಿ ಕೊನೆಯವರು. ಒಕ್ಕಲುತನದ ಮನೆ, ಹಸು, ಕುದುರೆ, ಹೊಲದ ಕೆಲಸ. ಓದಿನಲ್ಲಿ ಮುಂದಿನ ಬೆಂಚಿನ ಹುಡುಗನೇನೂ ಆಗಿರಲಿಲ್ಲ. ಟೊರಾಂಟೊದ ವಿಕ್ಟೋರಿಯಾ ಕಾಲೇಜಿನಲ್ಲಿ ಕಲಾ ವಿಭಾಗ ಸೇರಿ ಮೊದಲ ವರ್ಷವೇ ನಪಾಸಾದರು. ಆಮೇಲೆ 1912ರಲ್ಲಿ ವೈದ್ಯಕೀಯಕ್ಕೆ ಬದಲಾಯಿಸಿಕೊಂಡರು. ಹಿಂದಿನ ಬೆಂಚಿನ ಮಕ್ಕಳಿಗೆ ಈ ಮಾತನ್ನು ಎತ್ತಿ ಹೇಳಿ, ಆದರೆ ಅದನ್ನೇ ಎಳೆಯಬೇಡಿ. ನಪಾಸಾದವರೆಲ್ಲ ನೊಬೆಲ್ ಪಡೆಯುತ್ತಾರೆಂಬ ಪಾಠ ಇದಲ್ಲ.

ಮೊದಲ ಮಹಾಯುದ್ಧ ಶುರುವಾದಾಗ ಸೈನ್ಯ ಸೇರಲು ಹೋದರೆ ಕಣ್ಣಿನ ದೃಷ್ಟಿ ಸಾಲದೆಂದು ಹಿಂದೆ ಕಳಿಸಿದರು. ಕೊನೆಗೆ ಸೈನ್ಯದ ವೈದ್ಯಕೀಯ ದಳ ಸೇರಿಕೊಂಡರು. ಯುದ್ಧಕ್ಕೆ ವೈದ್ಯರು ಬೇಕಾಗಿದ್ದರಿಂದ ಅವರ ತರಗತಿಯ ಓದನ್ನು ಅವಸರದಲ್ಲಿ ಮುಗಿಸಿ 1916ರಲ್ಲಿ ಪದವಿ ಕೊಟ್ಟರು. 1918ರಲ್ಲಿ ಫ್ರಾನ್ಸಿನ ಕಾಂಬ್ರೆ ಬಳಿಯ ಕಾಳಗದಲ್ಲಿ ಬಲಗೈಗೆ ಗುಂಡಿನ ಚೂರು ಬಡಿಯಿತು. ಹಾಗಿದ್ದೂ ಗಾಯಾಳುಗಳ ಆರೈಕೆಯನ್ನು ಗಂಟೆಗಟ್ಟಲೆ ನಿಲ್ಲಿಸಲಿಲ್ಲ. ಅದಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಬಂತು.

ಯುದ್ಧ ಮುಗಿದ ಮೇಲಿನ ಬದುಕು ಪದಕದಷ್ಟು ಹೊಳೆಯಲಿಲ್ಲ. 1920ರ ಜುಲೈಯಲ್ಲಿ ಆಂಟಾರಿಯೊದ ಲಂಡನ್ ಎಂಬ ಊರಿನಲ್ಲಿ ದವಾಖಾನೆ ತೆರೆದರು. ಇಂಗ್ಲೆಂಡಿನ ಲಂಡನ್ ಬೇರೆ, ಇದು ಬೇರೆ. ಮಕ್ಕಳು ಗೊಂದಲವಾಗದಂತೆ ನಕಾಶೆಯಲ್ಲಿ ತೋರಿಸಿ. ಹೆಚ್ಚು ಕಡಿಮೆ ಒಂದು ತಿಂಗಳು ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಗಳಿಕೆ ನಾಲ್ಕು ಡಾಲರ್. ಹೊಟ್ಟೆಪಾಡಿಗೆಂದು ಅದೇ ಊರಿನ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಗಂಟೆ ಲೆಕ್ಕದ ಪಾಠದ ಕೆಲಸ ಹಿಡಿದರು.

ಇಲ್ಲಿಂದ ಮುಂದಿನದು ನಮ್ಮಂಥವರಿಗೆ ಹತ್ತಿರದ ಕಥೆ. 1920ರ ಅಕ್ಟೋಬರ್ 30, ಶನಿವಾರ. ಸೋಮವಾರ ವಿದ್ಯಾರ್ಥಿಗಳಿಗೆ ದೇಹವು ಸಕ್ಕರೆಯನ್ನು ಹೇಗೆ ಬಳಸುತ್ತದೆಂಬ ಪಾಠ ಮಾಡಬೇಕಿತ್ತು. ಅದು ಅವರು ಚೆನ್ನಾಗಿ ಬಲ್ಲ ವಿಷಯವಲ್ಲ, ಅವರು ಮೂಳೆ ಮತ್ತು ಶಸ್ತ್ರಚಿಕಿತ್ಸೆಯ ಕಡೆಯವರು. ನಾಳಿದ್ದಿನ ಪಾಠಕ್ಕೆ ರಾತ್ರಿ ಕೂತು ಓದಿಕೊಳ್ಳುವ ಪ್ರಶಿಕ್ಷಣಾರ್ಥಿಯ ಪಾಡು ಅವರದೂ ಆಗಿತ್ತು. ಮಲಗುವ ಮುನ್ನ ಒಂದು ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಮೋಸೆಸ್ ಬ್ಯಾರನ್ ಎಂಬವರ ಲೇಖನ ಕಣ್ಣಿಗೆ ಬಿತ್ತು. ಮೇದೋಜೀರಕ ಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದ ಒಬ್ಬ ರೋಗಿಯ ವಿವರ ಅದರಲ್ಲಿತ್ತು. ನಾಳ ಮುಚ್ಚಿದ್ದರಿಂದ ಜೀರ್ಣರಸ ತಯಾರಿಸುವ ಜೀವಕೋಶಗಳು ಸೊರಗಿ ಹೋಗಿದ್ದವು, ಆದರೆ ಗ್ರಂಥಿಯೊಳಗಿನ ಸಣ್ಣ ಸಣ್ಣ ದ್ವೀಪಗಳಂಥ ಗುಂಪುಗಳು ಹಾಗೆಯೇ ಉಳಿದಿದ್ದವು. ನಿದ್ದೆ ಬರಲಿಲ್ಲ. ನಡುರಾತ್ರಿ ಎರಡು ಗಂಟೆಯ ಹೊತ್ತಿಗೆ ಎದ್ದು ಟಿಪ್ಪಣಿ ಪುಸ್ತಕದಲ್ಲಿ ಇಪ್ಪತ್ತೈದು ಪದಗಳಷ್ಟು ಗೀಚಿಕೊಂಡರು. ಆ ಟಿಪ್ಪಣಿಯಲ್ಲಿ ರೋಗದ ಹೆಸರಿನ ಸ್ಪೆಲ್ಲಿಂಗೇ ತಪ್ಪಿದೆ. ಪುಟ ಇಂದಿಗೂ ಉಳಿದಿದೆ, ತಪ್ಪೂ ಉಳಿದಿದೆ.

ಅಲ್ಲಿಯವರೆಗೆ ಏನು ಗೊತ್ತಿತ್ತು ಎಂಬುದನ್ನು ಪೂರ್ವಜ್ಞಾನವಾಗಿ ಕೊಡಬೇಕು. ಆ ದ್ವೀಪಗಳನ್ನು 1869ರಲ್ಲಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದರು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯೊಂದರ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದದ್ದನ್ನು ಕಂಡಿದ್ದರು. ಆ ಗ್ರಂಥಿಯೊಳಗೆ ಸಕ್ಕರೆಯನ್ನು ಹಿಡಿತದಲ್ಲಿಡುವ ಏನೋ ಒಂದು ರಸವಿದೆಯೆಂದು ಎಲ್ಲರೂ ಊಹಿಸಿದ್ದರು. ಲ್ಯಾಟಿನ್ನಿನಲ್ಲಿ ದ್ವೀಪಕ್ಕೆ ಇನ್ಸುಲಾ ಎನ್ನುತ್ತಾರೆ, ಅದರಿಂದಲೇ ಇನ್ಸುಲಿನ್. ರಸಕ್ಕೆ ಹೆಸರು ಸಿದ್ಧವಿತ್ತು, ರಸ ಸಿಕ್ಕಿರಲಿಲ್ಲ. ಗ್ರಂಥಿಯನ್ನು ಅರೆದು ಹಿಂಡಿದರೆ ಅದರಲ್ಲೇ ಇರುವ ಜೀರ್ಣರಸ ಆ ಅಮೂಲ್ಯ ವಸ್ತುವನ್ನು ನುಂಗಿಬಿಡುತ್ತದೆಂದು ಭಾವಿಸಿದ್ದರು. ನಾಳವನ್ನು ದಾರದಿಂದ ಕಟ್ಟಿ, ಜೀರ್ಣರಸದ ಕೋಶಗಳು ಸೊರಗುವವರೆಗೆ ಕಾದು, ಉಳಿದ ದ್ವೀಪಗಳಿಂದ ರಸ ತೆಗೆದರೆ ಹೇಗೆ? ಬ್ಯಾಂಟಿಂಗರಿಗೆ ಆ ರಾತ್ರಿ ಹೊಳೆದದ್ದು ಇಷ್ಟೇ.

ಮುಂದಿನ ವಾರವೇ ಟೊರಾಂಟೊಗೆ ಹೋಗಿ ಪ್ರೊಫೆಸರ್ ಜೆ.ಜೆ.ಆರ್. ಮೆಕ್ಲಿಯಾಡ್ ಅವರ ಮುಂದೆ ಕೂತರು. ಮೆಕ್ಲಿಯಾಡ್ ಸಕ್ಕರೆಯ ಜೀವಕ್ರಿಯೆಯಲ್ಲಿ ಹೆಸರಾಂತ ವಿದ್ವಾಂಸರು. ಸಂಶೋಧನೆಯ ಅನುಭವವೇ ಇಲ್ಲದ ಈ ಹಳ್ಳಿಗ ವೈದ್ಯನ ಮೇಲೆ ಅವರಿಗೆ ಭರವಸೆ ಬರಲಿಲ್ಲ. ಆದರೂ ಬೇಸಿಗೆ ರಜೆಯಲ್ಲಿ ಒಂದು ಕೋಣೆ, ಹತ್ತು ನಾಯಿ, ಒಬ್ಬ ವಿದ್ಯಾರ್ಥಿ ಸಹಾಯಕನನ್ನು ಕೊಡಲು ಒಪ್ಪಿದರು. ಇಬ್ಬರು ವಿದ್ಯಾರ್ಥಿಗಳಲ್ಲಿ ಮೊದಲು ಯಾರು ಕೆಲಸಕ್ಕೆ ಬರಬೇಕೆಂದು ನಾಣ್ಯ ಚಿಮ್ಮಿದರು. ಚಾರ್ಲ್ಸ್ ಬೆಸ್ಟ್ ಗೆದ್ದರು, ಕ್ಲಾರ್ಕ್ ನೋಬಲ್ ಸೋತರು. ನೋಬಲರ ಸರದಿ ಬರಲೇ ಇಲ್ಲ. ಬೆಸ್ಟ್ ಬೇಸಿಗೆ ಪೂರ್ತಿ ಉಳಿದುಬಿಟ್ಟರು.

1921ರ ಮೇ 17ರಂದು ಕೆಲಸ ಶುರು. ಕೆನಡಾ ಎಂದರೆ ಹಿಮದ ನಾಡೆಂದು ಮಕ್ಕಳು ತಿಳಿದಿರುತ್ತಾರೆ, ಆದರೆ ಟೊರಾಂಟೊದ ಆ ಬೇಸಿಗೆ ಸುಡುತ್ತಿತ್ತು. ಶಸ್ತ್ರಕ್ರಿಯೆಯ ಕೋಣೆ ಕಟ್ಟಡದ ಮೇಲಂತಸ್ತಿನಲ್ಲಿ, ಛಾವಣಿಯ ಕೆಳಗೆ. ಸೆಖೆಗೆ ಗಾಯಗಳು ಕೀವಾಗುತ್ತಿದ್ದವು. ಮೊದಲ ವಾರಗಳಲ್ಲೇ ಹೆಚ್ಚಿನ ನಾಯಿಗಳು ಸತ್ತವು. ಮೆಕ್ಲಿಯಾಡ್ ಸ್ಕಾಟ್‌ಲೆಂಡಿಗೆ ಹೋಗಿದ್ದರು, ಕೇಳಲು ಹಿರಿಯರೂ ಇರಲಿಲ್ಲ. ನಾಯಿಗಳ ವಿಷಯ ಬಂದಾಗ ತರಗತಿಯಲ್ಲಿ ಯಾರಾದರೊಬ್ಬರು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಅದನ್ನು ತಳ್ಳಿಹಾಕಬೇಡಿ. ಬ್ಯಾಂಟಿಂಗರೂ ನಾಯಿಗಳನ್ನು ಹಚ್ಚಿಕೊಂಡವರೇ. ಮಾರ್ಜರಿ ಎಂಬ ನಾಯಿ ಮೇದೋಜೀರಕವಿಲ್ಲದೆ, ಈ ರಸದ ಬಲದಿಂದಲೇ ಸುಮಾರು ಎಪ್ಪತ್ತು ದಿನ ಬದುಕಿತು.

ರಸ ತೆಗೆಯುವ ಬಗೆಯನ್ನು ನಿಧಾನವಾಗಿ ವಿವರಿಸಬೇಕು. ಸೊರಗಿದ ಗ್ರಂಥಿಯನ್ನು ಬೇಗನೆ ಹೊರತೆಗೆದು, ಮೊದಲೇ ತಣ್ಣಗಾಗಿಸಿದ ಕಲ್ವದಲ್ಲಿ, ಲವಣದ ದ್ರಾವಣದೊಳಕ್ಕೆ ಚೂರುಚೂರಾಗಿ ಹೆಚ್ಚಿ ಹಾಕುತ್ತಿದ್ದರು. ಕಲ್ವವೆಂದರೆ ನಮ್ಮ ಮನೆಗಳ ಚಿಕ್ಕ ಒರಳಿದ್ದಂತೆ. ಆ ಒರಳನ್ನು ಹೆಪ್ಪುಗಟ್ಟಿಸುವ ಮಿಶ್ರಣದಲ್ಲಿ ಇಟ್ಟು ಅರ್ಧ ಗಟ್ಟಿಯಾಗುವವರೆಗೆ ಕಾದು ಆಮೇಲೆ ಅರೆಯುತ್ತಿದ್ದರು. ಬಳಿಕ ಸೋಸಿ ನಾಯಿಯ ರಕ್ತನಾಳಕ್ಕೆ ಚುಚ್ಚುತ್ತಿದ್ದರು. ಜುಲೈ 30ರಂದು ಹಾಗೆ ಚುಚ್ಚಿದ ರಸಕ್ಕೆ ಮಧುಮೇಹದ ನಾಯಿಯೊಂದರ ರಕ್ತದ ಸಕ್ಕರೆ ಇಳಿಯಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಐಸಿನ ಒರಳು. ಇನ್ಸುಲಿನ್ ಮನುಷ್ಯನ ಕೈಗೆ ಸಿಕ್ಕಿದ್ದೇ ಹೀಗೆ.

ಬ್ಯಾಂಟಿಂಗ್ ಮತ್ತು ಬೆಸ್ಟ್ 1922ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಮೊದಲ ದೊಡ್ಡ ಪ್ರಬಂಧದಲ್ಲಿ ಎರಡು ಚಿಕ್ಕ ಸಂಗತಿಗಳಿವೆ. ಸಾಮಾನ್ಯವಾಗಿ ಯಾರೂ ಪಾಠದಲ್ಲಿ ಹೇಳುವುದಿಲ್ಲ, ನನಗೆ ಮಾತ್ರ ಇಡೀ ಕಥೆಯ ತಿರುಳು ಅಲ್ಲೇ ಇದೆಯೆನಿಸುತ್ತದೆ. ಒಂದು, ರಸವನ್ನು ಕುದಿಸಿದರೆ ಸಕ್ಕರೆ ಇಳಿಸುವ ಗುಣವೇ ಹೋಗುತ್ತದೆ. ಎರಡು, ತಂಪಿನಲ್ಲಿಟ್ಟರೆ ಕಡಿಮೆಯೆಂದರೂ ಏಳು ದಿನ ಅದರ ಶಕ್ತಿ ಉಳಿಯುತ್ತದೆ. ಔಷಧಕ್ಕೆ ಇನ್ನೂ ಸರಿಯಾದ ಹೆಸರಿಲ್ಲದ ಹೊತ್ತಿನಲ್ಲೇ, ಒಬ್ಬ ರೋಗಿಗೂ ಕೊಡದ ಹೊತ್ತಿನಲ್ಲೇ, ಅದನ್ನು ಎಷ್ಟು ತಂಪಾಗಿ ಎಷ್ಟು ದಿನ ಇಡಬಹುದೆಂದು ಆ ಇಬ್ಬರು ಯೋಚಿಸಿದ್ದರು.

ಏಕೆ ಹೀಗೆ ಎಂದು ಮಕ್ಕಳು ಕೇಳುತ್ತಾರೆ, ಕೇಳದಿದ್ದರೆ ನಾವೇ ಕೇಳಿಸಬೇಕು. ಇನ್ಸುಲಿನ್ ಒಂದು ಪ್ರೋಟೀನು. ಅದರಲ್ಲಿ 51 ಅಮೈನೊ ಆಮ್ಲಗಳು ಯಾವ ಸಾಲಿನಲ್ಲಿ ಕೂತಿವೆಯೆಂದು ಬಿಡಿಸಿ ತೋರಿಸಿದ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು. ಆ ಸರಪಳಿ ಒಂದು ನಿರ್ದಿಷ್ಟ ಆಕಾರದಲ್ಲಿ ಮಡಚಿಕೊಂಡಿದ್ದರಷ್ಟೇ ಕೆಲಸ ಮಾಡುತ್ತದೆ. ಕಾದರೆ ಮಡಿಕೆ ಬಿಚ್ಚುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗವನ್ನು ತಣ್ಣೀರಿಗೆ ಹಾಕಿದರೆ ಮತ್ತೆ ಲೋಳೆಯಾಗುವುದಿಲ್ಲ, ಇದೂ ಹಾಗೇ. ಹೆಪ್ಪುಗಟ್ಟಿದರೂ ಕೆಡುತ್ತದೆ, ಮತ್ತೆ ಕರಗಿಸಿದರೆ ಸರಿಹೋಗುವುದಿಲ್ಲ. ಕಪ್ಪುಹಲಗೆಯ ಮೇಲೆ ಒಂದು ಉಷ್ಣಮಾಪಕ ಬರೆದು ಈ ಎರಡೂ ತುದಿಗಳನ್ನು ಕೆಂಪು ಸೀಮೆಸುಣ್ಣದಲ್ಲಿ ಗುರುತಿಸಿದರೆ ಸಾಕು.

1921ರ ಡಿಸೆಂಬರಿನಲ್ಲಿ ಜೀವರಸಾಯನ ಬಲ್ಲ ಜೇಮ್ಸ್ ಕಾಲಿಪ್ ತಂಡಕ್ಕೆ ಬಂದರು. ನಾಯಿಯ ಸೊರಗಿದ ಗ್ರಂಥಿ ಬೇಕಿಲ್ಲ, ಕಸಾಯಿಖಾನೆಯಲ್ಲಿ ಸಿಗುವ ದನದ ಗ್ರಂಥಿಯನ್ನು ಮದ್ಯಸಾರದಿಂದ ಶುದ್ಧಮಾಡಿದರೆ ಆಗುತ್ತದೆಂದು ಅಷ್ಟರಲ್ಲಿ ತಿಳಿದಿತ್ತು. ಅಂದರೆ ಬ್ಯಾಂಟಿಂಗರ ಆ ನಡುರಾತ್ರಿಯ ನಾಳ ಕಟ್ಟುವ ಉಪಾಯ ಕೊನೆಗೆ ಅಗತ್ಯವೇ ಇರಲಿಲ್ಲ! ವಿಜ್ಞಾನದಲ್ಲಿ ಇಂಥದು ನಡೆಯುತ್ತದೆ. ದಾರಿ ತಪ್ಪಾಗಿದ್ದರೂ ಊರು ಸಿಕ್ಕಿತು.

1922ರ ಜನವರಿ 11. ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗ. ವಯಸ್ಸು 14, ನಮ್ಮ ಒಂಬತ್ತನೇ ತರಗತಿಯವರ ವಯಸ್ಸು. ತೂಕ ಸುಮಾರು 29 ಕಿಲೋ. ಅಂದು ಈ ರೋಗಕ್ಕಿದ್ದ ಒಂದೇ ಉಪಾಯ ಉಪವಾಸ. ದಿನಕ್ಕೆ ಕೆಲವೇ ನೂರು ಕ್ಯಾಲೊರಿ ಕೊಟ್ಟು ಮಕ್ಕಳನ್ನು ಎಲುಬಿನ ಗೂಡಾಗಿಸಿ ಇನ್ನಷ್ಟು ತಿಂಗಳು ಉಳಿಸುತ್ತಿದ್ದರು. ಮೊದಲ ಸೂಜಿಯ ರಸ ಅಶುದ್ಧವಾಗಿತ್ತು. ಸಕ್ಕರೆ 440ರಿಂದ 320ಕ್ಕೆ ಇಳಿದರೂ ಚುಚ್ಚಿದಲ್ಲಿ ಬಾವು ಬಂತು, ನಿಲ್ಲಿಸಿದರು. ಕಾಲಿಪ್ ಹಗಲಿರುಳು ಕೂತು ಶುದ್ಧ ರಸ ತಯಾರಿಸಿದರು. ಜನವರಿ 23ರಂದು ಅದನ್ನು ಕೊಟ್ಟಾಗ 520 ಇದ್ದ ಸಕ್ಕರೆ ಒಂದು ದಿನದಲ್ಲಿ 120ಕ್ಕೆ ಬಂತು. ಹುಡುಗ ಎದ್ದು ಓಡಾಡಿದ. ಮುಂದೆ 1935ರವರೆಗೆ ಬದುಕಿದ, ಸತ್ತದ್ದು ನ್ಯುಮೋನಿಯದಿಂದ.

ಇಲ್ಲಿ ಒಂದು ಎಚ್ಚರಿಕೆ. ಬ್ಯಾಂಟಿಂಗ್ ಮತ್ತು ಸಂಗಡಿಗರು ಪ್ರಜ್ಞೆಯಿಲ್ಲದ ಮಕ್ಕಳ ದೊಡ್ಡ ವಾರ್ಡಿಗೆ ಹೋಗಿ ಒಂದೊಂದೇ ಹಾಸಿಗೆಗೆ ಸೂಜಿ ಹಾಕುತ್ತ ಬಂದರೆಂದೂ, ಕೊನೆಯ ಹಾಸಿಗೆ ಮುಟ್ಟುವಷ್ಟರಲ್ಲಿ ಮೊದಲ ಮಗು ಎಚ್ಚತ್ತಿತೆಂದೂ ಒಂದು ಕಥೆ ಮೊಬೈಲುಗಳಲ್ಲಿ ಹರಿದಾಡುತ್ತದೆ. ಕೇಳಲು ಚೆಂದ, ಆದರೆ ಆಧಾರವಿಲ್ಲ. ಲಿಯೊನಾರ್ಡನ ಎರಡು ಸೂಜಿಗಳ ನಡುವಿನ ಹನ್ನೆರಡು ದಿನಗಳ ಕಥೆಯೇ ನಿಜವಾದದ್ದು, ತರಗತಿಗೆ ಅದೇ ಹೆಚ್ಚು ಬಿಗಿಯಾದದ್ದೂ ಹೌದು.

ಆ ವರ್ಷ ಬಂದ ಮಕ್ಕಳಲ್ಲಿ ಇನ್ನಿಬ್ಬರ ಹೆಸರು ಹೇಳಬಹುದು. ಐದು ವರ್ಷದ ಟೆಡ್ಡಿ ರೈಡರ್ ಜುಲೈಯಲ್ಲಿ ಬಂದ. ಅವನು 1993ರವರೆಗೆ ಬದುಕಿದ. ಅಮೆರಿಕದ ವಿದೇಶಾಂಗ ಸಚಿವರ ಮಗಳು ಎಲಿಜಬೆತ್ ಹ್ಯೂಸ್ ಆಗಸ್ಟಿನಲ್ಲಿ ಬಂದಾಗ ಅವಳ ತೂಕ ಸುಮಾರು 20 ಕಿಲೋ, ವಯಸ್ಸು ಇನ್ನೇನು ಹದಿನೈದು. ಅವಳು 1981ರವರೆಗೆ ಬಾಳಿದಳು, ಮದುವೆಯಾಗಿ ಮಕ್ಕಳನ್ನೂ ಬೆಳೆಸಿದಳು. ಆದರೆ ಅದೇ 1922ರ ವಸಂತದಲ್ಲಿ ಹೆಚ್ಚು ಪ್ರಮಾಣದಲ್ಲಿ ತಯಾರಿಸಲು ಹೋಗಿ ಟೊರಾಂಟೊದವರು ಕೈ ತಪ್ಪಿದ್ದರು. ಹಲವು ವಾರ ರಸವೇ ಸರಿಯಾಗಿ ಬರಲಿಲ್ಲ. ಔಷಧ ಇದೆಯೆಂದು ಗೊತ್ತು, ಕೊಡಲು ಇಲ್ಲ. ಆಮೇಲೆ ಅಮೆರಿಕದ ಈಲೈ ಲಿಲಿ ಕಂಪನಿ ಕೈ ಸೇರಿಸಿದ ಮೇಲೆ 1923ರ ಹೊತ್ತಿಗೆ ಬಾಟಲಿಗಳು ಧಾರಾಳವಾಗಿ ಹೊರಬಂದವು. ಹಕ್ಕುಪತ್ರವನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು.

1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ ಬಂತು. ಬ್ಯಾಂಟಿಂಗರಿಗೆ ಆಗ 32 ವರ್ಷ ಕೂಡ ತುಂಬಿರಲಿಲ್ಲ. ವೈದ್ಯಕೀಯದಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಪಡೆದವರು ಇಂದಿಗೂ ಇನ್ನೊಬ್ಬರಿಲ್ಲ. ಸಂತೋಷಕ್ಕಿಂತ ಸಿಟ್ಟೇ ಮೊದಲು ಬಂತು. ಬೆಸ್ಟ್ ಹೆಸರು ಬಿಟ್ಟುಹೋಗಿತ್ತು, ಬೇಸಿಗೆಯಲ್ಲಿ ಊರಲ್ಲೇ ಇಲ್ಲದ ಮೆಕ್ಲಿಯಾಡ್ ಹೆಸರು ಸೇರಿತ್ತು. ತಮ್ಮ ಪಾಲಿನಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ಟರು; ಮೆಕ್ಲಿಯಾಡ್ ತಮ್ಮ ಪಾಲಿನಲ್ಲಿ ಅರ್ಧ ಕಾಲಿಪ್‌ಗೆ ಕೊಟ್ಟರು. ಬ್ಯಾಂಟಿಂಗ್ ಮುಂಗೋಪಿ. ಕಾಲಿಪ್ ಜೊತೆ ಪ್ರಯೋಗಾಲಯದಲ್ಲೇ ಕೈ ಕೈ ಮಿಲಾಯಿಸುವವರೆಗೆ ಹೋಗಿದ್ದರೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಾಲ್ವರಲ್ಲಿ ಯಾರೊಬ್ಬರನ್ನು ತೆಗೆದರೂ ಆ ವರ್ಷ ಲಿಯೊನಾರ್ಡ್ ಬದುಕುತ್ತಿರಲಿಲ್ಲ. ರುಮೇನಿಯಾದ ನಿಕೊಲಾಯ್ ಪೌಲೆಸ್ಕು ಕೂಡ 1921ರಲ್ಲೇ ಇಂಥದೇ ರಸದ ಬಗ್ಗೆ ಪ್ರಕಟಿಸಿದ್ದರೆಂಬುದನ್ನು ಸೇರಿಸಿದರೆ ಮಕ್ಕಳಿಗೆ ನ್ಯಾಯದ ಪ್ರಶ್ನೆಯೂ ಸಿಗುತ್ತದೆ. ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಒಂದೇ ಹೆಸರಿರುವುದು ಜಾಗದ ಅನುಕೂಲಕ್ಕೆ ಅಷ್ಟೇ.

ಈಗ ಕಥೆಯನ್ನು ನಮ್ಮ ಜಿಲ್ಲೆಗೆ ತರಬೇಕು, ಇಲ್ಲದಿದ್ದರೆ ಇದು ಕೆನಡಾದಲ್ಲೇ ಉಳಿಯುತ್ತದೆ. ನಮ್ಮ ಕಡೆ ಸಕ್ಕರಿ ಬ್ಯಾನಿ ಎಂದರೆ ಮುದುಕರದೆಂಬ ತಿಳಿವಳಿಕೆಯಿದೆ. ಲಿಯೊನಾರ್ಡನದು ಮಕ್ಕಳಿಗೆ ಬರುವ ಬಗೆ, ಒಂದನೇ ಮಾದರಿ. ಇದರಲ್ಲಿ ದೇಹ ಇನ್ಸುಲಿನ್ನನ್ನು ತಯಾರಿಸುವುದೇ ಇಲ್ಲ, ಗುಳಿಗೆಯಿಂದ ಆಗದು, ದಿನವೂ ಸೂಜಿ ಬೇಕು. ಒಂದೆರಡು ದಿನ ತಪ್ಪಿದರೂ, ಕೆಟ್ಟ ಔಷಧವನ್ನು ಗೊತ್ತಿಲ್ಲದೆ ತೆಗೆದುಕೊಂಡರೂ, ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಹೊಟ್ಟೆನೋವು, ಏದುಸಿರು ಎಂದು ಮಗು ಆಸ್ಪತ್ರೆ ಸೇರಬೇಕಾಗುತ್ತದೆ. ನಾವು ಹೋಗುವ ಯಾವ ತರಗತಿಯಲ್ಲೂ ಅಂಥ ಮಗು ಇರಬಹುದು, ಹೇಳಿಕೊಳ್ಳದೆ ಇರಬಹುದು.

ಔರಾದ್ ಮತ್ತು ಭಾಲ್ಕಿ ಎರಡೂ ಬೀದರಿನಿಂದ ಸುಮಾರು 40 ಕಿಲೋಮೀಟರು. ಭಾಲ್ಕಿಗೆ ರೈಲಿದೆ, ಔರಾದಿಗೆ ಸಂತಪುರದ ಮೇಲೆ ಹೋಗುವ ಬಸ್ಸೇ ಗತಿ. ದೊಡ್ಡ ಆಸ್ಪತ್ರೆ ಬೀದರಿನಲ್ಲಿದೆ. ಹಳ್ಳಿಯವರು ತಿಂಗಳ ಔಷಧ ಅಲ್ಲಿಂದ ಒಯ್ಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಚೀಚೆ. ತೆರೆಯದ ಇನ್ಸುಲಿನ್ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ತೆರೆದು ಬಳಸುತ್ತಿರುವುದು ಸಾಮಾನ್ಯ ಕೋಣೆಯ ತಂಪಿನಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ನಿಖರವಾದ ಮಿತಿ ಪೊಟ್ಟಣದ ಮೇಲೆ ಬರೆದಿರುತ್ತದೆ, ಹೆಚ್ಚಿನವಕ್ಕೆ 25 ಅಥವಾ 30 ಡಿಗ್ರಿ. ನಮ್ಮ ಬೇಸಿಗೆಯ ಮನೆಯೊಳಗಿನ ಸೆಖೆಯೇ ಅದನ್ನು ಮೀರುತ್ತದೆ.

ಹೆದರಿಸಬೇಕಾಗಿಲ್ಲ. ನೆರಳಿನಲ್ಲಿ, ಚೀಲದೊಳಗಿದ್ದು ಒಂದೂವರೆ ಗಂಟೆ ಬಸ್ಸಿನಲ್ಲಿ ಬಂದರೆ ಔಷಧ ಸತ್ತುಹೋಗುವುದಿಲ್ಲ. ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಉಷ್ಣತೆ ದಿನವೂ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವುದನ್ನು ಅಳೆದು, ಅದೇ ಏರಿಳಿತವನ್ನು ಪ್ರಯೋಗಾಲಯದಲ್ಲಿ ನಾಲ್ಕು ವಾರ ಕೊಟ್ಟು ನೋಡಿದರು. ತಂಪಿನಲ್ಲಿಟ್ಟ ಇನ್ಸುಲಿನ್ನಿಗೂ ಇದಕ್ಕೂ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2021ರಲ್ಲಿ ಪ್ರಕಟವಾಯಿತು. ಕೆಡಿಸುವುದು ಬೇರೆ ಜಾಗಗಳು: ಬಿಸಿಲಲ್ಲಿ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡು, ಮೋಟಾರ್‌ಸೈಕಲ್ಲಿನ ಡಿಕ್ಕಿ, ಬಸ್ಸಿನಲ್ಲಿ ಡ್ರೈವರ್ ಪಕ್ಕ ಸುಡುವ ಬಾನೆಟ್, ತಗಡಿನ ಮನೆಯ ಅಟ್ಟ. ಅಲ್ಲಿನ ಕಾವು ಗಾಳಿಯ ಕಾವಿಗಿಂತ ಬಹಳ ಮೇಲೆ ಹೋಗುತ್ತದೆ.

ಇನ್ನೊಂದು ತುದಿಯ ಅಪಾಯ ಐಸು. ಜಾಸ್ತಿ ತಂಪಾದರೆ ಜಾಸ್ತಿ ಒಳ್ಳೆಯದೆಂದು ಬಾಟಲಿಯನ್ನು ನೇರ ಐಸಿನ ಮೇಲೆ ಮಲಗಿಸುವವರಿದ್ದಾರೆ. ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾದದ್ದೇ. ಥರ್ಮಾಸಿನಲ್ಲಿ ಒಯ್ಯುವುದಾದರೆ ಐಸಿನ ಚೀಲಕ್ಕೂ ಬಾಟಲಿಗೂ ನಡುವೆ ಬಟ್ಟೆಯ ದಪ್ಪ ಮಡಿಕೆಯಿರಬೇಕು. ಫ್ರಿಜ್ಜಿನಲ್ಲಿಯೂ ಮೇಲಿನ ಐಸಿನ ಪೆಟ್ಟಿಗೆಗೆ ತಾಗದಂತೆ ಇಡಬೇಕು. ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರು ಸಾಮಾನಿನ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಫ್ರಿಜ್ಜೂ ಇಲ್ಲ, ಐಸೂ ಇಲ್ಲವೆಂದರೆ? ಬೀದರಿನವರಿಗೆ ತಂಪಿನ ಪಾಠ ಹೊರಗಿನವರು ಹೇಳಬೇಕಿಲ್ಲ. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ನೆಲದಡಿಯಲ್ಲಿ ಬಿಸಿಲು ಮುಟ್ಟದಂತೆ ನೀರು ಹರಿಸಿತು. ಮನೆಮನೆಯ ಮಣ್ಣಿನ ಗಡಿಗೆ ಬೇಸಿಗೆಯಲ್ಲೇ ಹೆಚ್ಚು ತಂಪು ಕೊಡುತ್ತದೆ. ಗಡಿಗೆಯ ಮೈಯಿಂದ ಒಸರುವ ನೀರು ಆವಿಯಾಗುವಾಗ ಗಡಿಗೆಯ ಕಾವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಕೆಲಸ ಚುರುಕು. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ, ಉಸುಕಿಗೆ ದಿನಕ್ಕೆರಡು ಬಾರಿ ನೀರು ಹೊಯ್ದು, ಮೇಲೆ ಹಸಿಬಟ್ಟೆ ಮುಚ್ಚಿದರೆ ಒಳಗಿನದು ಇನ್ನಷ್ಟು ತಂಪು. ನೈಜೀರಿಯಾದಲ್ಲಿ ಕುಂಬಾರರ ಮನೆತನದ ಶಿಕ್ಷಕರೊಬ್ಬರು, ಮೊಹಮ್ಮದ್ ಬಾ ಅಬ್ಬಾ, ತರಕಾರಿ ಕೆಡದಿರಲೆಂದು ಇದನ್ನೇ ಊರೂರಿಗೆ ಹಂಚಿ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದರು. ಇನ್ಸುಲಿನ್ನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಒಳಗಡಿಗೆಯಲ್ಲಿ ಇಡಬೇಕು, ನೀರು ತಾಗಬಾರದು. ಇದು ಫ್ರಿಜ್ಜಿನ 8 ಡಿಗ್ರಿಗೆ ಇಳಿಯುವುದಿಲ್ಲ, ತಿಂಗಳುಗಟ್ಟಲೆಯ ದಾಸ್ತಾನಿಗೂ ಅಲ್ಲ. ಬಳಸುತ್ತಿರುವ ಬಾಟಲಿಯನ್ನು ಕಾಯಲು. ಪ್ರಯಾಣದಲ್ಲಾದರೆ ಡಬ್ಬಿಯ ಸುತ್ತ ಹಿಂಡಿದ ಹಸಿಬಟ್ಟೆ ಸುತ್ತಿ ಗಾಳಿಯಾಡುವ ಬಟ್ಟೆಚೀಲದಲ್ಲಿ ಇಟ್ಟುಕೊಳ್ಳುವುದು. ಗಾಳಿಯಾಡದ ಚೀಲದಲ್ಲಿ ಹಾಕಿದರೆ ಆವಿಯಾಗುವುದು ನಿಂತು ತಂಪೂ ನಿಲ್ಲುತ್ತದೆ. ಮಳೆಗಾಲದಲ್ಲೂ ಇದರ ಆಟ ಅಷ್ಟಾಗಿ ನಡೆಯದು.

ಕೆಟ್ಟದ್ದನ್ನು ಗುರುತಿಸುವುದು ಸುಲಭವಲ್ಲ. ತಿಳಿಯಾಗಿರಬೇಕಾದ ಬಗೆ ಮಬ್ಬಾದರೆ, ಹಾಲಿನಂತಿರುವ ಬಗೆಯಲ್ಲಿ ಅಲುಗಾಡಿಸಿದರೂ ಗಂಟು ಉಳಿದರೆ ಕೆಟ್ಟಿದೆಯೆಂದು ತಿಳಿಯಬೇಕು. ನೋಡಲು ಚೆನ್ನಾಗಿದ್ದೂ ಶಕ್ತಿ ಕುಂದಿರಬಹುದು. ಆಗ ಸೂಜಿ ಹಾಕಿದರೂ ಸಕ್ಕರೆ ಇಳಿಯುವುದಿಲ್ಲ. ಆದರೆ ಬಾಟಲಿ ಬಿಸಿಯಾಗಿದೆ ಎಂಬ ಅನುಮಾನದಿಂದ ಸೂಜಿಯನ್ನೇ ಬಿಡುವುದು ಅದಕ್ಕಿಂತ ಕೆಟ್ಟದ್ದು. ರಕ್ತ ಪರೀಕ್ಷಿಸಿಕೊಂಡು, ಹತ್ತಿರದ ವೈದ್ಯರನ್ನು ಕೇಳಿ, ಬೇಗ ಹೊಸ ಬಾಟಲಿ ತರಬೇಕು. ತರಗತಿಯಲ್ಲಿ ಇದನ್ನು ಹೇಳುವಾಗ ಯಾವ ಮಗುವಿನ ಕಡೆಗೂ ಬೆರಳು ತೋರಿಸಬೇಡಿ, ಎಲ್ಲರ ಮನೆಯ ವಿಷಯವೆಂಬಂತೆ ಹೇಳಿ. ಔರಾದ್ ಕಡೆಯ ಶಾಲೆಯೊಂದರಲ್ಲಿ ಈ ಪಾಠ ಮಾಡಿದಾಗ ಒಬ್ಬ ಹುಡುಗಿ ಎದ್ದು, ತಮ್ಮ ಅಜ್ಜಿಯ ಔಷಧದ ಬಾಟಲಿ ದೇವರ ಜಗುಲಿಯಲ್ಲಿ ದೀಪದ ಪಕ್ಕ ಇರುತ್ತದೆ, ಅದು ಸರಿಯೇ ಎಂದು ಕೇಳಿದಳು. ಕಳೆದುಹೋಗಬಾರದೆಂಬ ಕಾಳಜಿಯಿಂದಲೇ ಅಲ್ಲಿಟ್ಟಿದ್ದರು. ಜಾಗ ಬದಲಿಸಿದರೆ ಸಾಕು.

ಬ್ಯಾಂಟಿಂಗರ ಉಳಿದ ಬದುಕನ್ನು ಚಿಕ್ಕದಾಗಿ ಮುಗಿಸಬಹುದು. ಕೆನಡಾದ ಸಂಸತ್ತು ಜೀವಮಾನ ಪರ್ಯಂತ ವರ್ಷಾಶನ ಕೊಟ್ಟಿತು, 1934ರಲ್ಲಿ ಸರ್ ಪದವಿಯೂ ಬಂತು. ಕ್ಯಾನ್ಸರ್, ಗಣಿಯ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಎಂದು ಹಲವು ಸಂಶೋಧನೆ ನಡೆಸಿದರೂ ಇನ್ಸುಲಿನ್ನಿನಂಥದು ಮತ್ತೆ ಸಿಗಲಿಲ್ಲ. ಮೊದಲ ಮದುವೆ ಮುರಿಯಿತು. ಖುಷಿ ಕೊಟ್ಟದ್ದು ಚಿತ್ರಕಲೆ. ಎ.ವೈ. ಜ್ಯಾಕ್ಸನ್ ಎಂಬ ಹೆಸರಾಂತ ಕಲಾವಿದರ ಜೊತೆ 1927ರಲ್ಲಿ ಹಡಗು ಹತ್ತಿ ಉತ್ತರ ಧ್ರುವದ ಕಡೆಯ ಹಿಮದ ದ್ವೀಪಗಳಿಗೆ ಹೋಗಿ ಚಿತ್ರ ಬರೆದು ಬಂದರು. ಎರಡನೇ ಮಹಾಯುದ್ಧ ಬಂದಾಗ ಎತ್ತರದಲ್ಲಿ ಹಾರುವ ವಿಮಾನ ಚಾಲಕರ ದೇಹಕ್ಕೆ ಏನಾಗುತ್ತದೆಂಬ ಸಂಶೋಧನೆಯಲ್ಲಿ ತೊಡಗಿದರು. ಆ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟ ಹಡ್ಸನ್ ವಿಮಾನ 1941ರ ಫೆಬ್ರುವರಿ 20ರಂದು ನ್ಯೂಫೌಂಡ್‌ಲೆಂಡಿನ ಮಸ್‌ಗ್ರೇವ್ ಹಾರ್ಬರ್ ಬಳಿ ಹಿಮದ ಕಾಡಿನಲ್ಲಿ ಬಿತ್ತು. ನಾಲ್ವರಲ್ಲಿ ಚಾಲಕರೊಬ್ಬರೇ ಉಳಿದರು. ಗಾಯಗೊಂಡ ಬ್ಯಾಂಟಿಂಗ್ ಮರುದಿನ ತೀರಿಕೊಂಡರು. ವಯಸ್ಸು 49.

ಚಟುವಟಿಕೆಗೆ ಎರಡು ಜೊತೆ ಗಡಿಗೆ, ಒಂದು ಬುಟ್ಟಿ ಉಸುಕು, ಮೂರು ಉಷ್ಣಮಾಪಕ ಸಾಕು. ಒಂದು ಜೊತೆಯ ಉಸುಕನ್ನು ಒದ್ದೆಮಾಡಿ, ಇನ್ನೊಂದನ್ನು ಒಣದಾಗಿ ಬಿಟ್ಟು, ಮೂರನೇ ಮಾಪಕವನ್ನು ವರಾಂಡದ ನೆರಳಿನಲ್ಲಿ ತೂಗುಹಾಕಿ, ಗಂಟೆಗೊಮ್ಮೆ ಮಕ್ಕಳೇ ಓದಿ ಬರೆದುಕೊಳ್ಳಲಿ. ನವೆಂಬರಿನ ಚಳಿಯಲ್ಲಿ ಇದರ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಏಪ್ರಿಲಿನಲ್ಲಿ ಶಾಲೆಗೆ ರಜೆ ಬಂದುಬಿಡುತ್ತದೆ. ಮಾರ್ಚ್ ಮೊದಲ ವಾರದಲ್ಲಿ, ಮಧ್ಯಾಹ್ನದ ಬಿಸಿಯೂಟಕ್ಕೆ ಮೊದಲಿನ ಅವಧಿಯಲ್ಲಿ ಶುರುಮಾಡಿದರೆ ಶಾಲೆ ಬಿಡುವುದರೊಳಗೆ ನಾಲ್ಕೈದು ಓದಿಕೆ ಸಿಗುತ್ತವೆ.